ಪಟ್ಟೆದಾರ ಮಾಚಯ್ಯನ ಹನ್ನೆರಡು ಪಾಲು

ಮಾಚಯ್ಯ ಸತ್ತ ನಲವತ್ತಮೂರನೆಯ ದಿನ ಅವನ ಮೊಬೈಲಿಗೆ ಆದಾಯ ತೆರಿಗೆಯವರ ನೋಟಿಸು ಬಂತು. ಹೆಂಡತಿ ಚೋಂದಮ್ಮ ಆ ಫೋನನ್ನು ಇನ್ನೂ ದಿನಾ ಚಾರ್ಜಿಗೆ ಹಾಕುತ್ತಿದ್ದಳು. ಆರನೆಯ ಕ್ಲಾಸಿನವರೆಗೆ ಓದಿದವಳು. ಇಂಗ್ಲಿಷ್ ಬಾರದು. ಮಗಳು ನಿಶಿತಾ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಕೆಲಸ ಮುಗಿಸಿ, ದೆಹಲಿಯ ಮುನಿರ್ಕಾದ ಮನೆಯ ಮೂರು ಮಹಡಿ ಹತ್ತಿ ಬಂದ ಮೇಲೆ ಓದಿ ಹೇಳಿದಳು.

“ಅವ್ವ, ಅಪ್ಪ ತೊಂಬತ್ತಾರು ಲಕ್ಷ ಆದಾಯ ಮುಚ್ಚಿಟ್ಟಿದ್ದಾರಂತೆ.”

“ಏನು ಮಾಡಿದ್ದಾರಂತೆ?”

“ಮುಚ್ಚಿಟ್ಟಿದ್ದಾರೆ. ಛುಪಾಯಾ ಹೈ. ಟ್ಯಾಕ್ಸು, ಬಡ್ಡಿ ಎಲ್ಲ ಸೇರಿ ಇಪ್ಪತ್ತೊಂಬತ್ತು ಲಕ್ಷ ಯಾಕೆ ವಸೂಲು ಮಾಡಬಾರದು ಅಂತ ಕೇಳ್ತಿದ್ದಾರೆ. ದಂಡ ಬೇರೆ.”

ಲಕ್ಷದ ಲೆಕ್ಕ ಚೋಂದಮ್ಮನ ತಲೆಗೆ ಹೋಗಲಿಲ್ಲ. ಮುಚ್ಚಿಟ್ಟರು ಎಂಬ ಮಾತು ಹೋಗಿ ಅಲ್ಲೇ ಕೂತಿತು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಗಂಡ ಹೋದ ಮೇಲೆ ಅಳುವೇ ಇತ್ತು. ಸಿಟ್ಟು ಬಂದದ್ದು ಅದೇ ಮೊದಲು.

ಮಾಚಯ್ಯ ಸೈನ್ಯದ ಸಿಗ್ನಲ್ಸ್‌ನಲ್ಲಿ ಇಪ್ಪತ್ನಾಲ್ಕು ವರ್ಷ ಇದ್ದು, ಹವಾಲ್ದಾರನಾಗಿ ನಿವೃತ್ತನಾದವನು. ಆಮೇಲೆ ಮಗಳ ಓದಿಗೆಂದು ದೆಹಲಿಯಲ್ಲೇ ಉಳಿದು ಒಂದು ವಿಶ್ವವಿದ್ಯಾಲಯದ ಗೇಟಿನಲ್ಲಿ ಹದಿನಾಲ್ಕು ವರ್ಷ ಕಾವಲು ನಿಂತ. ಬಂದ ಗಾಡಿಯ ನಂಬರು, ಒಳಗಿದ್ದವರ ಹೆಸರು, ಬಂದ ಹೊತ್ತು, ಹೋದ ಹೊತ್ತು, ಎಲ್ಲ ರಿಜಿಸ್ಟರಿಗೆ ಏರಬೇಕು. ಒಮ್ಮೆ ದೊಡ್ಡ ಸಾಹೇಬರ ಕಾರನ್ನೇ ನಿಲ್ಲಿಸಿ ಸಹಿ ಕೇಳಿದ್ದ. ಬೈಸಿಕೊಂಡ. ಮರುದಿನವೂ ಕೇಳಿದ. ಅಂಥವನು ಜೀವಮಾನದಲ್ಲಿ ಒಂದೇ ಸಲ ಸಹಿ ತೆಗೆದುಕೊಳ್ಳದೆ ಬಿಟ್ಟಿದ್ದ. ಅದೇ ಈಗ ಕುತ್ತಿಗೆಗೆ ಬಂದಿತ್ತು.

ಕೊಡಗಿನಲ್ಲಿ ಅವರ ಒಕ್ಕಕ್ಕೆ ಜಮ್ಮಾ ಭೂಮಿ ಇತ್ತು. ಒಕ್ಕ ಎಂದರೆ ಒಬ್ಬ ಮೂಲ ಹಿರಿಯನಿಂದ ಇಳಿದು ಬಂದ ಮನೆಗಳೆಲ್ಲ ಸೇರಿ. ಆ ಹಿರಿಯನನ್ನೂ ಅವನ ನಂತರ ಹೋದವರನ್ನೂ ಕಾರಣವರು ಎನ್ನುತ್ತಾರೆ. ಜಮ್ಮಾ ಭೂಮಿ ಅವರ ಕಾಲದಿಂದ ಬಂದದ್ದು. ದಾಖಲೆಯಲ್ಲಿ ಹೆಸರು ಪಟ್ಟೆದಾರನದು, ಎಂದರೆ ಒಕ್ಕದಲ್ಲಿ ವಯಸ್ಸಿಗೆ ಹಿರಿಯನಾದವನದು. ಹಕ್ಕು ಮಾತ್ರ ಎಲ್ಲರದು. ಪಟ್ಟೆದಾರ ಅದನ್ನು ಕಾಯಬಹುದು, ನನ್ನದು ಅನ್ನುವಂತಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಹೋದ ಮೇಲೆ ಆ ಪಟ್ಟ ದೆಹಲಿಯಲ್ಲಿದ್ದ ಮಾಚಯ್ಯನಿಗೆ ಬಂತು.

ಅವನು ಪಟ್ಟೆದಾರನಾದ ಎರಡನೆಯ ವರ್ಷ ಹೆದ್ದಾರಿ ಅಗಲ ಮಾಡಬೇಕೆಂದು ಸರಕಾರ ಒಕ್ಕದ ಗದ್ದೆಯನ್ನು ತೆಗೆದುಕೊಂಡಿತು. ಕೊಡುತ್ತೀರಾ ಎಂದು ಯಾರೂ ಕೇಳಲಿಲ್ಲ. ತೊಂಬತ್ತಾರು ಲಕ್ಷ ಪರಿಹಾರ ಎಂದರು. ಕೊಡುವಾಗಲೇ ಹತ್ತರಲ್ಲೊಂದನ್ನು ತೆರಿಗೆಗೆಂದು ಮುರಿದುಕೊಂಡರು. ಉಳಿದದ್ದು ದಾಖಲೆಯಲ್ಲಿದ್ದ ಹೆಸರಿಗೆ, ಮಾಚಯ್ಯನ ಪಿಂಚಣಿಯ ಖಾತೆಗೆ ಬಂದು ಬಿತ್ತು.

ಅವನು ಅದನ್ನು ಹದಿನೈದು ದಿನವೂ ಇಟ್ಟುಕೊಳ್ಳಲಿಲ್ಲ. ಚೋಂದಮ್ಮನನ್ನು ಕರೆದುಕೊಂಡು ಊರಿಗೆ ಹೋದ. ತನ್ನದೂ ಸೇರಿ ಹನ್ನೊಂದು ಮನೆಗೆ ಹನ್ನೊಂದು ಪಾಲು. ಹನ್ನೆರಡನೆಯ ಪಾಲು ಕಾರಣವರ ಗುಡಿಗೂ, ಒಕ್ಕದ ಹಳೆಯ ಮನೆಯಾದ ಐನ್‌ಮನೆಯ ಸೂರಿಗೂ. ಅದಕ್ಕೆಂದೇ ಒಂದು ಟ್ರಸ್ಟ್ ಮಾಡಿದರು. ಒಂದೊಂದು ಪಾಲು ಏಳು ಲಕ್ಷದ ಇಪ್ಪತ್ತು ಸಾವಿರ. ಇಬ್ಬರು ಮುದುಕಿಯರಿಗೆ ಬ್ಯಾಂಕಿನಲ್ಲಿ ಖಾತೆಯೇ ಇರಲಿಲ್ಲ. ಒಬ್ಬರಿಗೆ ಚೆಕ್ಕು, ಇನ್ನೊಬ್ಬರಿಗೆ ನೋಟು ಎಂದರೆ ಭೇದ ಮಾಡಿದ ಹಾಗಾಗುತ್ತದೆ ಎಂದು ಮಾಚಯ್ಯ ಎಲ್ಲರಿಗೂ ನೋಟನ್ನೇ ತಂದ. ಐನ್‌ಮನೆಯ ತೂಗುದೀಪದ ಮುಂದೆ ಕೂತು, ಕಾರಣವರನ್ನು ನೆನೆದು, ಮನೆಮನೆಯ ಹೆಸರು ಕರೆದು ಕೊಟ್ಟ.

“ಒಂದೊಂದು ಕಾಗದ ಬರೆಸಿಕೊಳ್ಳಿ,” ಎಂದು ಚೋಂದಮ್ಮ ಪಿಸುಗುಟ್ಟಿದ್ದಳು.

“ದೀಪದ ಮುಂದೆ ಕೊಟ್ಟದ್ದಕ್ಕೆ ರಶೀದಿ ಕೇಳಿದರೆ ದೀಪವನ್ನೇ ನಂಬಲಿಲ್ಲ ಅಂತಾಗುತ್ತದೆ. ಇದು ಗೇಟಲ್ಲ, ಚೋಂದ.”

ಆಗ ಅವಳಿಗೂ ಅದು ಸರಿ ಅನ್ನಿಸಿತ್ತು.

ನೋಟಿಸು ಹಿಡಿದು ತಾಯಿ ಮಗಳು ಲಕ್ಷ್ಮೀ ನಗರಕ್ಕೆ ಹೋದರು. ಅಲ್ಲಿ ಗೋಡೆ ತುಂಬ ಲೆಕ್ಕಪರಿಶೋಧಕರ ಕೋಚಿಂಗಿನ ಬೋರ್ಡುಗಳು. ಒಂದರ ಮೇಲಿನ ಮಹಡಿಯಲ್ಲಿ ಮನೋಜ್ ಎಂಬ ತೆರಿಗೆ ಸಲಹೆಗಾರನ ಕಚೇರಿ. ಅವನು ಕಾಗದವನ್ನೆಲ್ಲ ಓದಿ ಹಿಂದಿಯಲ್ಲಿ ಹೇಳಿದ.

“ಆಂಟೀಜೀ, ಕಾನೂನು ನಿಮ್ಮ ಕಡೆಗೇ ಇದೆ. ಸರಕಾರ ಈ ರೀತಿ ತೆಗೆದುಕೊಂಡ ಭೂಮಿಯ ಪರಿಹಾರಕ್ಕೆ ತೆರಿಗೆಯೇ ಇಲ್ಲ. ಮೊದಲು ಮುರಿದುಕೊಂಡದ್ದೂ ತಪ್ಪು.”

“ಮತ್ತೆ ಈ ನೋಟಿಸು?” ಎಂದಳು ಚೋಂದಮ್ಮ.

“ಅಂಕಲ್ ರಿಟರ್ನ್ ಹಾಕಿಲ್ಲ. ಕಂಪ್ಯೂಟರಿಗೆ ಕಂಡದ್ದು ಇಷ್ಟೇ. ಒಬ್ಬ ಪಿಂಚಣಿದಾರ, ಇಷ್ಟು ಲಕ್ಷ ಬಂತು, ಎಲ್ಲ ನಗದು ಮಾಡಿ ಎತ್ತಿದ. ಎಲ್ಲಿಗೆ ಹೋಯಿತು ಗೊತ್ತಿಲ್ಲ. ಈಗ ಈ ದುಡ್ಡು ಯಾರದು ಅಂತ ನಾವು ಹೇಳಬೇಕು. ಇಲ್ಲಿ ನೋಡಿ, ಖಾನೆಗಳಿವೆ. ವ್ಯಕ್ತಿ, ಅವಿಭಕ್ತ ಕುಟುಂಬ, ಟ್ರಸ್ಟ್, ಸಂಘ, ಕಂಪನಿ.”

“ಒಕ್ಕ ಎಲ್ಲಿದೆ?”

“ಅದಿಲ್ಲ. ಟ್ರಸ್ಟಿನದು ಅಂದರೆ ನೋಂದಣಿ ತೋರಿಸಿ ಅಂತಾರೆ. ನಿಮ್ಮ ಟ್ರಸ್ಟ್ ಹುಟ್ಟಿದ್ದೇ ದುಡ್ಡು ಬಂದ ಮೇಲೆ. ಅದರ ಖಾತೆಗೆ ಕಟ್ಟಿದ ಪಾಲು ಮಾತ್ರ ಅವರಿಗೆ ಕಂಡಿದೆ, ಅದರ ಮೇಲೂ ತೆರಿಗೆ ಕೇಳಿದ್ದಾರೆ. ಸಂಘ ಅಂದರೆ ಎಲ್ಲಕ್ಕಿಂತ ಮೇಲಿನ ದರ.”

“ಕೊಡುವಾಗ ಒಂದು ಸಲ ಮುರಿದರು. ಈಗ ಸತ್ತವರ ತಲೆಯ ಮೇಲೆ. ಆಮೇಲೆ ಟ್ರಸ್ಟಿನ ಮೇಲೆ. ಒಂದೇ ಗದ್ದೆಗೆ ಎಷ್ಟು ಕುಯಿಲು ಮಾಡ್ತಾರೆ? ಗದ್ದೆಯೂ ಅವರ ಹತ್ತಿರವೇ ಇದೆ.”

ಮನೋಜ್ ನಕ್ಕ. ನಂತರ ಕುರ್ಚಿ ಮುಂದಕ್ಕೆ ಎಳೆದುಕೊಂಡ.

“ಸುಲಭದ ದಾರಿ ಒಂದಿದೆ. ಇಡೀ ಭೂಮಿ ಅಂಕಲ್ ಒಬ್ಬರದೇ ಅಂತ ಬರೆಯೋಣ. ದಾಖಲೆಯಲ್ಲಿ ಅವರ ಹೆಸರೇ ಇದೆ. ಯಾರ ಕಾಗದವೂ ಬೇಡ. ಅವರ ಭೂಮಿ, ಅವರ ಪರಿಹಾರ, ತೆರಿಗೆ ಇಲ್ಲ. ಎರಡು ತಿಂಗಳಲ್ಲಿ ಫೈಲು ಬಂದ್.”

“ಹನ್ನೊಂದು ಮನೆಯದನ್ನು ಅವರೊಬ್ಬರದು ಅಂತ ನಾನು ಬರೆಯಬೇಕಾ?”

“ಬರೀ ಕಾಗದದ ಮೇಲೆ.”

“ಸರಕಾರದ ಮುಂದೆ ಕಳ್ಳ ಅಲ್ಲ ಅನ್ನಿಸಲಿಕ್ಕೆ ಕಾರಣವರ ಮುಂದೆ ಕಳ್ಳ ಮಾಡಬೇಕಾ? ಆಗುವುದಿಲ್ಲ.”

“ಈ ದಿಲ್ಲಿಯಲ್ಲಿ ಬೇರೆಯವರದನ್ನು ತನ್ನದು ಅನ್ನುವವರೇ ನನ್ನ ಗಿರಾಕಿಗಳು, ಆಂಟೀಜೀ. ತನ್ನ ಹೆಸರಲ್ಲಿರುವುದನ್ನು ಬೇರೆಯವರದು ಅನ್ನುವವರನ್ನು ಇವತ್ತೇ ನೋಡಿದ್ದು. ಚಲೋ. ಹಾಗಾದರೆ ದುಡ್ಡು ತೆಗೆದುಕೊಂಡ ಹತ್ತೂ ಮನೆಯವರ ಸಹಿ ತನ್ನಿ. ಇಷ್ಟು ಪಾಲು ನಮಗೆ ಮುಟ್ಟಿದೆ, ಭೂಮಿ ಒಕ್ಕದ್ದು ಅಂತ.”

ಗಂಡ ಕೇಳದೆ ಬಿಟ್ಟದ್ದನ್ನು ಚೋಂದಮ್ಮ ಕೇಳಬೇಕಾಯಿತು. ಒಬ್ಬೊಬ್ಬರಿಗೂ ಫೋನು ಮಾಡಿದಳು. ಪ್ರತಿಯೊಂದು ಸಲ ನಂಬರು ಒತ್ತುವಾಗಲೂ ಕೈ ಹಿಂದಕ್ಕೆ ಬರುತ್ತಿತ್ತು. ಒಂಬತ್ತು ಮನೆಯವರು ಹಿಂದೆಮುಂದೆ ನೋಡದೆ ಬರೆದು ಕಳಿಸಿದರು. ಅವರಲ್ಲಿ ಎಂಬತ್ತೆರಡು ವರ್ಷದ ಬೊಳ್ಳಮ್ಮ ಹೆಬ್ಬೆಟ್ಟು ಒತ್ತಿ, ಫೋನಿನಲ್ಲಿ ಬೈದಳು. ಚೋಂದಮ್ಮನನ್ನಲ್ಲ.

“ನಮ್ಮ ಮಾಚನನ್ನು ಕಳ್ಳ ಅಂದವನು ಯಾರು? ಅವನನ್ನು ಇಲ್ಲಿಗೆ ಕಳಿಸು. ಒಂದು ಊಟ ಹಾಕಿ ಆಮೇಲೆ ಕೇಳುತ್ತೇನೆ.”

ಉಳಿದದ್ದು ಒಬ್ಬ. ಮಾಚಯ್ಯನ ತಮ್ಮ ಪೊನ್ನಣ್ಣ. ಅವನು ಊರಲ್ಲಿಲ್ಲ, ದೆಹಲಿಯ ಜನಕಪುರಿಯಲ್ಲೇ ಇದ್ದ. ಕೇಂದ್ರ ಸರಕಾರದ ಕಚೇರಿಯಲ್ಲಿ ಮೂವತ್ತಮೂರು ವರ್ಷ ಫೈಲು ನೋಡಿದವನು. ಮೆಟ್ರೋದಲ್ಲಿ ಹೋದರೆ ಒಂದು ಗಂಟೆಯೂ ಇಲ್ಲ. ಫೋನಿನಲ್ಲಿ ಹೂಂ ಅನ್ನದೆ, ಉಹೂಂ ಅನ್ನದೆ ಮೂರು ವಾರ ಕಳೆದ. ಕೊನೆಗೆ ಚೋಂದಮ್ಮ ತಾನೇ ಹೋದಳು.

ಪೊನ್ನಣ್ಣನ ಅಡುಗೆಮನೆ ಹೊಸದಾಗಿತ್ತು. ಕರಿ ಕಲ್ಲಿನ ಕಟ್ಟೆ, ಗೋಡೆಗೆ ಕಪಾಟು. ಅವನ ಹೆಂಡತಿ ಅಲ್ಲಿಂದ ಟೀ ತಂದಿಟ್ಟು ಒಳಗೆ ಹೋದಳು.

“ಅತ್ತಿಗೆ, ನೀವು ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ.”

“ಮತ್ತೆ ಎಲ್ಲಿಗೆ ಹಚ್ಚಿಕೊಳ್ಳಲಿ?”

“ನಾನು ರೂಲು ಗೊತ್ತಿದ್ದವನು. ಇವತ್ತು ಸಹಿ ಹಾಕಿದರೆ ನಾಳೆ ನನಗೂ ಒಂದು ನೋಟಿಸು. ಈ ವಯಸ್ಸಲ್ಲಿ ನನಗೆ ಬೇಕಾ? ಅಣ್ಣನೊಬ್ಬನದೇ ಅಂತ ಬರೆದು ಮುಗಿಸಿ. ಅವನು ಈಗ ಇಲ್ಲ. ಇಲ್ಲದವನನ್ನು ಯಾರು ಬಂದು ಹಿಡಿಯುತ್ತಾರೆ?”

“ಇದ್ದಾಗ ನಿನ್ನ ಹೆಸರು ಕರೆದು ಕೊಟ್ಟರಲ್ಲ, ತೆಗೆದುಕೊಂಡೆಯೋ ಇಲ್ಲವೋ?”

“ತೆಗೆದುಕೊಂಡೆ. ಯಾರು ಇಲ್ಲ ಅಂದರು? ದೀಪದ ಮುಂದೆ ತೆಗೆದುಕೊಂಡದ್ದಕ್ಕೆ ರಶೀದಿ ಕೇಳುವುದು ನಮ್ಮಲ್ಲಿ ಪದ್ಧತಿಯಾ, ಅತ್ತಿಗೆ? ಅಣ್ಣ ಇದ್ದಿದ್ದರೆ ಕೇಳುತ್ತಿದ್ದನಾ?”

ಚೋಂದಮ್ಮ ಎದ್ದಳು. ಟೀ ಮುಟ್ಟಿರಲಿಲ್ಲ. ಸಾಯುವವರೆಗೂ ಪದ್ಧತಿಯನ್ನು ಹಿಡಿದು ನಿಂತವನು ಅವಳ ಗಂಡ. ಅದೇ ಪದ್ಧತಿಯ ಹಿಂದೆ ಅವಿತು ಕೂತಿದ್ದ ಇವನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

“ಅಡುಗೆಮನೆ ಚೆನ್ನಾಗಿದೆ,” ಎಂದು ಹೇಳಿ ಮೆಟ್ಟಿಲಿಳಿದಳು.

ವಿಚಾರಣೆ ಕಂಪ್ಯೂಟರಿನಲ್ಲಿ. ಈಗ ಎಲ್ಲ ಹಾಗೇ. ಅಧಿಕಾರಿ ಯಾರು, ಯಾವ ಊರಲ್ಲಿದ್ದಾನೆ ಎಂದು ಯಾರಿಗೂ ಗೊತ್ತಿರಬಾರದು ಎಂಬುದೇ ನಿಯಮ. ಮನೋಜನ ಕಚೇರಿಯಲ್ಲಿ ಚೋಂದಮ್ಮನನ್ನು ಪರದೆಯ ಮುಂದೆ ಕೂರಿಸಿದರು. ಅವಳ ಮುಖ ಒಂದು ಮೂಲೆಯಲ್ಲಿ ಕಂಡಿತು. ಇನ್ನೊಂದು ಕಡೆ ಬರೀ ಕಪ್ಪು. ಅದರೊಳಗಿಂದ ಗಂಡಸಿನ ದನಿ ಬಂತು. ಅವಳು ಕಂಟೋನ್ಮೆಂಟಿನ ಕ್ವಾರ್ಟರ್ಸ್‌ನಲ್ಲಿ ಕಲಿತ ಹಿಂದಿಯಲ್ಲಿ ಮಾತಾಡಿದಳು.

“ಸಾಹೇಬರೇ, ಮೊದಲು ನಿಮ್ಮ ಮುಖ ತೋರಿಸಿ.”

“ಅದಕ್ಕೆ ಅವಕಾಶ ಇಲ್ಲ, ಮೇಡಮ್.”

“ಹೆಸರು?”

“ಅದಕ್ಕೂ ಇಲ್ಲ. ಹದಿನೈದು ನಿಮಿಷ ಇದೆ. ವಿಷಯ ಹೇಳಿ.”

“ನನ್ನ ಗಂಡ ಹೆಸರು ಬರೆಸಿಕೊಳ್ಳದೆ ಯಾರನ್ನೂ ಗೇಟಿನೊಳಗೆ ಬಿಟ್ಟವರಲ್ಲ. ನೀವು ಹೆಸರಿಲ್ಲದೆ ಬಂದು ಅವರನ್ನು ಮುಚ್ಚಿಟ್ಟವನು ಅಂತೀರಿ.”

ಮನೋಜ್ ಮೇಜಿನ ಕೆಳಗೆ ಕೈಯಾಡಿಸಿ ಸಾಕು ಎಂದ. ಅವಳು ವಿಷಯಕ್ಕೆ ಬಂದಳು. ಗದ್ದೆ ಯಾರದು, ಯಾಕೆ ಒಬ್ಬನ ಹೆಸರಿಗೆ ಬಂತು, ಯಾಕೆ ನೋಟು, ಯಾಕೆ ರಶೀದಿ ಇಲ್ಲ, ಟ್ರಸ್ಟಿನ ಪಾಲು ಯಾರಿಗೆ. ಮನೆಮನೆಯ ಹೆಸರು ಹೇಳಿದಳು, ಅವತ್ತು ದೀಪದ ಮುಂದೆ ಮಾಚಯ್ಯ ಕರೆದ ಕ್ರಮದಲ್ಲೇ. ಒಂದೂ ಹಿಂದೆ ಮುಂದೆ ಆಗಲಿಲ್ಲ.

“ಹತ್ತು ಹೆಸರು ಹೇಳಿದಿರಿ. ಕಾಗದ ಒಂಬತ್ತೇ ಇವೆ,” ಎಂದಿತು ದನಿ.

ಮನೋಜ್ ಒಂದು ಚೀಟಿ ಬರೆದು ಮುಂದೆ ತಳ್ಳಿದ. ಕಳೆದುಹೋಗಿದೆ ಅನ್ನಿ, ಎಂದಿತ್ತು. ಪಕ್ಕದಲ್ಲಿ ಕೂತಿದ್ದ ನಿಶಿತಾ ಅದನ್ನು ಅವಳ ಕಿವಿಯಲ್ಲಿ ಓದಿದಳು.

“ಹತ್ತನೆಯವನು ಪೊನ್ನಣ್ಣ,” ಎಂದಳು ಚೋಂದಮ್ಮ. “ನನ್ನ ಮೈದುನ. ಜನಕಪುರಿಯಲ್ಲಿದ್ದಾನೆ. ದುಡ್ಡು ತೆಗೆದುಕೊಂಡಿದ್ದಾನೆ. ಸಹಿ ಹಾಕುವುದಿಲ್ಲ ಅಂದಿದ್ದಾನೆ. ಹಾಗೇ ಬರೆದುಕೊಳ್ಳಿ.”

ಕಪ್ಪಿನೊಳಗಿಂದ ಕೀಲಿಮಣೆಯ ಟಕಟಕ ಕೇಳಿತು. ಪರದೆ ಆರಿತು.

ಆದೇಶ ಬರಲು ಎರಡೂವರೆ ತಿಂಗಳು ಹಿಡಿಯಿತು. ಭೂಮಿ ಒಕ್ಕದ್ದು. ಬಂದದ್ದು ಪರಿಹಾರ, ಆದಾಯವಲ್ಲ. ಮನೆಗಳಿಗೆ ಹೋದ ಪಾಲಿಗೂ ತೆರಿಗೆ ಇಲ್ಲ, ಟ್ರಸ್ಟಿಗೆ ಹೋದದ್ದಕ್ಕೂ ಇಲ್ಲ. ಮೊದಲು ಮುರಿದುಕೊಂಡ ಒಂಬತ್ತು ಲಕ್ಷದ ಅರವತ್ತು ಸಾವಿರ ವಾಪಸು. ನಿಶಿತಾ ಓದಿ ಮುಗಿಸಿ ತಾಯಿಯನ್ನು ತಬ್ಬಿಕೊಂಡಳು.

“ನಿನ್ನ ಅಪ್ಪ ಮುಚ್ಚಿಡಲಿಲ್ಲ ಅಂತ ಎಲ್ಲಿದೆ?”

ನಿಶಿತಾ ಮತ್ತೆ ಹುಡುಕಿದಳು. “ದಂಡದ ಪ್ರಸ್ತಾಪ ಕೈಬಿಡಲಾಗಿದೆ ಅಂತ ಇದೆ, ಅವ್ವ.”

“ಅದು ದಂಡದ ಮಾತು. ನಿನ್ನ ಅಪ್ಪನ ಮಾತು ಎಲ್ಲಿದೆ? ತಪ್ಪಾಯಿತು ಅಂತ?”

ಎಲ್ಲೂ ಇರಲಿಲ್ಲ. ಮನೋಜನಿಗೆ ಫೋನು ಮಾಡಿ, ಹಾಗೆ ಬರೆದು ಕೊಡಲು ಇಲಾಖೆಯವರಿಗೆ ಹೇಳು ಎಂದಳು. ಅದಕ್ಕೆ ಖಾನೆ ಇಲ್ಲ ಆಂಟೀಜೀ, ಎಂದ ಅವನು. ವಾಪಸಿನ ದುಡ್ಡನ್ನು ಮಾಚಯ್ಯನ ಮುಚ್ಚಿದ ಖಾತೆಗೇ ಹಾಕಿದರು. ಅದು ತಿರುಗಿ ಹೋಯಿತು. ಅವನು ಸತ್ತಿದ್ದಾನೆ ಎಂದು ಅದೇ ಇಲಾಖೆಗೆ ಐದು ಸಲ ಬರೆದು ಆಗಿತ್ತು. ಆರನೆಯ ಸಲ ಬರೆದ ಮೇಲೆ ಚೋಂದಮ್ಮನ ಖಾತೆಗೆ ಬಂತು.

ದುಡ್ಡು ಬಂದ ನಾಲ್ಕನೆಯ ದಿನ ಪೊನ್ನಣ್ಣ ಮುನಿರ್ಕಾಕ್ಕೆ ಬಂದ. ಗಂಡ ಸತ್ತ ಮೇಲೆ ಅವನು ಆ ಮೂರು ಮಹಡಿ ಹತ್ತಿದ್ದು ಎರಡನೆಯ ಸಲ. ಕೈಯಲ್ಲಿ ಒಂದು ಕೆಜಿ ಕಿತ್ತಳೆ.

“ನನ್ನ ಹೆಸರು ಬಂತಾ, ಅತ್ತಿಗೆ, ವಿಚಾರಣೆಯಲ್ಲಿ?”

“ಬಂತು. ನಾನೇ ಹೇಳಿದೆ.”

“ನೋಟಿಸೇನೂ ಬರಲಿಲ್ಲ,” ಎಂದು ಅವನು ಕುರ್ಚಿಗೆ ಒರಗಿದ. “ತೆರಿಗೆ ಇಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಇರಲಿ. ಊರಿಂದ ಫೋನು ಬಂದಿತ್ತು. ವಾಪಸು ಬಂದದ್ದನ್ನೂ ಹನ್ನೆರಡು ಪಾಲು ಮಾಡ್ತೀರಂತೆ. ಒಂದು ಪಾಲಿಗೆ ಎಂಬತ್ತು ಸಾವಿರ ಆಗ್ತದೆ, ಅಲ್ವಾ?”

ಚೋಂದಮ್ಮ ಅವನ ಮುಖ ನೋಡಿದಳು. ಗಂಡನ ಹಣೆ, ಗಂಡನ ಮೂಗು. ಎದ್ದು ಒಳಗೆ ಹೋದಳು. ಮುನಿರ್ಕಾದ ಅಂಗಡಿಯಲ್ಲಿ ತಂದ ಉದ್ದನೆಯ ರಿಜಿಸ್ಟರು ಹಿಡಿದು ಬಂದಳು. ಗೇಟಿನಲ್ಲಿ ಇಡುತ್ತಾರಲ್ಲ, ಅಂಥದ್ದೇ. ಒಂಬತ್ತು ಹಾಳೆಯ ಮೇಲೆ ಒಂಬತ್ತು ಕಾಗದ ಅಂಟಿಸಿತ್ತು. ಹತ್ತನೆಯ ಹಾಳೆಯ ತಲೆಗೆ ಅವಳ ದಪ್ಪ ಅಕ್ಷರದಲ್ಲಿ ಪೊನ್ನಣ್ಣನ ಹೆಸರು. ಕೆಳಗೆ ಖಾಲಿ.

“ಬರೆ,” ಎಂದಳು.

“ಈಗ ಯಾಕೆ? ಎಲ್ಲ ಮುಗಿಯಿತಲ್ಲ.”

“ಸರಕಾರದ್ದು ಮುಗಿಯಿತು. ನಿನ್ನ ಅಣ್ಣನದು ಮುಗಿದಿಲ್ಲ. ಯಾವತ್ತು, ಎಷ್ಟು, ಯಾರ ಕೈಯಿಂದ ತೆಗೆದುಕೊಂಡೆ, ಅದನ್ನು ಬರೆ. ಅಣ್ಣ ತನ್ನ ಪಾಲು ಬಿಟ್ಟು ಏನೂ ಇಟ್ಟುಕೊಳ್ಳಲಿಲ್ಲ ಅಂತ ಬರೆ.”

ಪೊನ್ನಣ್ಣ ಜೇಬು ತಡವಿದ. “ಪೆನ್ನು ತಂದಿಲ್ಲ.”

ಅವಳು ಪೆನ್ನು ಮುಂದೆ ಇಟ್ಟಳು. ಅವನು ಬರೆದ. ಕಚೇರಿಯ ಕೈಬರಹ, ಗುಂಡಗೆ ಚೆನ್ನಾಗಿತ್ತು. ಸಹಿ ಹಾಕಿದ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ತಾರೀಕು ಹಾಕಿರಲಿಲ್ಲ. ಹಾಕಿಸಿದಳು.

“ಎಂಬತ್ತು ಸಾವಿರ?” ಎಂದ ಅವನು.

“ಇಲ್ಲಿ ಕೊಡುವುದಿಲ್ಲ. ಬರುವ ತಿಂಗಳು ಎಲ್ಲರ ಜೊತೆಗೆ ಐನ್‌ಮನೆಗೆ ಬಾ. ದೀಪದ ಮುಂದೆ ಕೊಡುತ್ತೇವೆ. ಈ ರಿಜಿಸ್ಟರೂ ಅಲ್ಲೇ ಇರುತ್ತದೆ.”

“ದೀಪದ ಮುಂದೆ ರಿಜಿಸ್ಟರಾ, ಅತ್ತಿಗೆ? ಕಾರಣವರು ಏನಂದುಕೊಳ್ಳುತ್ತಾರೆ?”

“ಯಾಕೆ ಬೇಕಾಯಿತು ಅಂತ ನೀನೇ ಹೇಳು ಅವರಿಗೆ,” ಎಂದು ಚೋಂದಮ್ಮ ರಿಜಿಸ್ಟರು ಮುಚ್ಚಿದಳು. ಕಿತ್ತಳೆಯ ಚೀಲವನ್ನು ಅವನ ಕೈಗೇ ಕೊಟ್ಟು, ಬಾಗಿಲ ಚಿಲಕ ತೆಗೆದಳು.