ಬಲಗಾಲಿನ ಲೆಕ್ಕ

ಪೀಣ್ಯದ ಮಷಿನ್ ಶಾಪೊಂದರಲ್ಲಿ ನನ್ನದು ಇನ್‌ಸ್ಪೆಕ್ಷನ್ ಕೆಲಸ. ಭಾನುವಾರದ ವಾಲಿಬಾಲ್ ಆಟದಲ್ಲಿ ಎಡಮಂಡಿಯ ಲಿಗಮೆಂಟ್ ಹರಿದು, ಆಪರೇಷನ್ ಆಗಿ, ಲಗ್ಗೆರೆಯ ಮಹಡಿ ಮೇಲಿನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಅಲೆಯುತ್ತಿದ್ದೆ. ಅಲ್ಲಿ ಕುರ್ಚಿಯಂಥ ಮಷಿನ್ನಿಗೆ ಕಾಲು ಬಿಗಿದು ಒದೆಸುತ್ತಾರೆ. ಒಂದೊಂದು ಕಾಲಿನ ಬಲವೂ ಸ್ಕ್ರೀನಿನ ಮೇಲೆ ಬರುತ್ತದೆ. ಬಲಗಾಲಿನ ತೊಂಬತ್ತು ಪರ್ಸೆಂಟಿಗೆ ಎಡಗಾಲು ಬರೋವರೆಗೆ ಆಟ ಇಲ್ಲ ಅಂತ ಫಿಸಿಯೋ ಮೇಡಂ ಮೊದಲೇ ಹೇಳಿದ್ದರು. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಹೋದಾಗೆಲ್ಲ ಅವರ ಜೊತೆ ವಾದ ಮಾಡುತ್ತಿದ್ದೆ.

ಕೊನೆಗೊಂದು ದಿನ ತೊಂಬತ್ತು ಬಂತು. ನನ್ನ ಬ್ಯಾಗಿನಲ್ಲಿ ಆಟದ ಶೂ ಆಗಲೇ ಇತ್ತು. ಮೇಡಂ ಮಾತ್ರ ನಗಲಿಲ್ಲ. ಆಪರೇಷನ್ನಿಗೆ ಮುಂಚಿನ ಗ್ರಾಫ್ ತೆಗೆದು ಪಕ್ಕದಲ್ಲಿಟ್ಟರು.

"ಸಾರ್, ಎಡಗಾಲು ಸ್ವಲ್ಪ ಏರಿದೆ, ಅಷ್ಟೆ. ಮನೇಲಿ ಕೂತು ಕೂತು ನಿಮ್ಮ ಬಲಗಾಲಿನ ಬಲವೇ ಇಳಿದ್ಬಿಟ್ಟಿದೆ. ಅದಕ್ಕೇ ಎರಡೂ ಹೆಚ್ಚುಕಮ್ಮಿ ಸಮ ಕಾಣ್ತಿವೆ."

ಸಿಟ್ಟು ಬಂತು, ತೀರಿಸಿಕೊಳ್ಳೋಕೆ ಯಾರೂ ಇರಲಿಲ್ಲ. ಶಾಪಿನಲ್ಲಿ ಪೀಸುಗಳನ್ನೆಲ್ಲ ಒಂದು ಮಾಸ್ಟರ್ ಪೀಸಿಗೆ ಹೋಲಿಸಿ ಪಾಸ್ ಮಾಡುತ್ತೇವೆ. ಅದೇ ಸವೆದರೆ ಕೆಟ್ಟ ಮಾಲೂ ಪಾಸಾಗುತ್ತದೆ, ಹಾಗಾಗಿ ದಿನಾ ಬೆಳಿಗ್ಗೆ ಮೊದಲು ಅದನ್ನೇ ಒರೆಸಿ ಅಳೆಯುವವನು ನಾನು. ನನ್ನ ಬಲಗಾಲಿನ ಮೇಲೆ ಮಾತ್ರ ಒಂದು ಸಲವೂ ಅನುಮಾನ ಬಂದಿರಲಿಲ್ಲ.

ಬ್ಯಾಗ್ ಹಿಡಿದು ಮೆಟ್ಟಿಲ ಹತ್ತಿರ ಬಂದೆ. ಇಳಿಯುವಾಗ ಪೆಟ್ಟಾದ ಕಾಲು ಮೊದಲು ಇಡಿ, ಒಳ್ಳೆ ಕಾಲು ಭಾರ ಹೊರಲಿ ಅಂತ ಮೇಡಂ ಕಲಿಸಿದ್ದರು. ಹಿಂದಿನಿಂದ ಯಾರೋ, "ಅಣ್ಣ, ಸ್ವಲ್ಪ ಜರುಗಿ," ಅಂದರು. ಯಾವ ಕಾಲು ಮೊದಲು ಇಡಬೇಕೋ ಗೊತ್ತಾಗದೆ ಅಲ್ಲೇ ನಿಂತಿದ್ದೆ.