ನೀಲಿ ಕಾವಲುಗಾರ ಬಿಟ್ಟ ರೊಟ್ಟಿ

ನಮ್ಮ ಮನೆಯ ಟಿವಿಯಲ್ಲಿದ್ದ ಆ ಹೊಸ ಆಟವನ್ನು ಅಳಿಸಿದವಳು ನಾನು. ಕರೆಂಟು ಏರಿಳಿದು ಹಾಳಾಯಿತು ಎಂದು ಎಲ್ಲರನ್ನೂ ನಂಬಿಸಿದವಳೂ ನಾನೇ. ಅದರಿಂದ ಏನಾಯಿತು ಎಂಬ ಸುದ್ದಿ ಬಂದಾಗ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆ. ಎದುರಿಗೆ ಕೂತು ನಾರು ಬಿಡಿಸುತ್ತಿದ್ದವಳು ವೀಣಾ. ನಾನು ಅನ್ಯಾಯ ಮಾಡಿದ್ದು ಅವಳಿಗೇ.

ಚನ್ನಗಿರಿಯಲ್ಲಿ ನಮ್ಮದು ತುಂಬಿದ ಮನೆ. ಅತ್ತೆ, ನಮ್ಮ ಮನೆಯವರು, ನಾನು, ಮೈದುನ ಕುಮಾರ, ಅವನ ಹೆಂಡತಿ ವೀಣಾ. ನನ್ನ ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿ ಓದುತ್ತಾಳೆ. ನಮ್ಮ ಮನೆಯವರದು ಪಾತ್ರೆ ಅಂಗಡಿ. ಕುಮಾರ ಹೊನ್ನಾಳಿಯ ಬೀಜ ಗೊಬ್ಬರದ ಅಂಗಡಿಗೆ ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ಅಣ್ಣತಮ್ಮಂದಿರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಚಟ — ಟಿವಿಯ ಆಟ. ಶಿವ ನನಗೆ ಇಷ್ಟು ಕರುಣಿಸಿದನಲ್ಲ ಎಂದು ಪೂಜೆಯ ಹೊತ್ತಿಗೆ ದಿನವೂ ನೆನೆಯುತ್ತಿದ್ದೆ.

ಹುಡುಗರಾಗಿದ್ದಾಗ ಅವರು ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಯ ಮುಂದೆ ನಿಂತು ಆಡಿದ ಆಟವದು; ಆಮೇಲೆ ಟಿವಿಗೂ ಬಂದಿತ್ತು. ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ನಾವು ಕೋಟೆ ಆಟ ಎನ್ನುತ್ತಿದ್ದೆವು. ನಾಲ್ಕು ಬಣ್ಣದ ನಾಲ್ಕು ಕಾವಲುಗಾರರು, ನಾಲ್ಕು ಬಾಗಿಲು, ಒಳಗೆ ನುಗ್ಗುವ ಕಳ್ಳರು. ಪೆಟ್ಟು ತಿಂದವರ ಜೀವ ಇಳಿಯುತ್ತದೆ. ಆಗಾಗ ನೆಲದ ಮೇಲೆ ಊಟ ಬೀಳುತ್ತದೆ. ತಿಂದವರ ಜೀವ ತುಂಬುತ್ತದೆ. ನಿಜ ಹೇಳಬೇಕೆಂದರೆ ಅದು ಕೋಳಿಯ ಕಾಲು. ನಮ್ಮದು ಲಿಂಗ ಕಟ್ಟಿದವರ ಮನೆ. ಅತ್ತೆ ಕಣ್ಣು ಕಿರಿದು ಮಾಡಿ, "ಏನ್ರೋ ಅದು ತಿಂತೀರಿ?" ಎಂದಾಗ ಕುಮಾರ, "ರೊಟ್ಟಿ ಕಣವ್ವಾ" ಎಂದುಬಿಟ್ಟ. ಅಂದಿನಿಂದ ಅದು ರೊಟ್ಟಿ. ಭಾನುವಾರ ಮಧ್ಯಾಹ್ನ ಅತ್ತೆಯೊಬ್ಬರನ್ನು ಬಿಟ್ಟು ನಾಲ್ವರೂ ಚಾಪೆಯ ಮೇಲೆ ಸಾಲಾಗಿ ಕೂತು ಆಡುತ್ತಿದ್ದೆವು. ಯಾರ ಜೀವ ಕಡಿಮೆಯೋ ರೊಟ್ಟಿ ಅವರಿಗೆ ಎಂಬ ಕಟ್ಟಳೆ ಇತ್ತು. ನಮ್ಮ ಮನೆಯವರು ಮಾತ್ರ ಕಂಡ ರೊಟ್ಟಿಯನ್ನೆಲ್ಲ ತಾವೇ ತಿನ್ನುತ್ತಿದ್ದರು.

ಹೋದ ವರ್ಷ ಆ ಆಟದ ಮುಂದಿನ ಭಾಗ ಬಂತು. ಕುಮಾರ ಆಸೆಪಟ್ಟು ಹಾಕಿಸಿದ. ಮೊದಲ ದಿನವೇ ಮನೆ ಎರಡಾಯಿತು.

"ನೀರು ಹಾಕಿದ ಸಾರು ಇದ್ದಂಗೈತೆ," ಎಂದರು ನಮ್ಮ ಮನೆಯವರು. "ಕೋಟೆ ದೊಡ್ಡದು ಮಾಡಿಟ್ಟಾರೆ, ಕಾಯೋ ಮಜಾನೇ ಇಲ್ಲ."

"ನಿಂಗೆ ಸೋಲಾಕೆ ಮನಸ್ಸಿಲ್ಲ ಅಣ್ಣ. ಇದ್ರಾಗೆ ಇನ್ನೊಬ್ರ ರೊಟ್ಟಿ ಕಸ್ಕೊಂಡ್ರೆ ಪಾಯಿಂಟ್ ಹೋಗತೈತೆ. ಅದಕ್ಕೆ ಉರಿ ನಿಂಗೆ."

"ಉಣ್ಣಾಕೆ ಬಿಡದ ಆಟ ಯಾವನಿಗೆ ಬೇಕೋ?"

ಕುಮಾರ ಫೋನು ತೆಗೆದು ಓದಿದ. ಲೋಕದಲ್ಲೂ ಹಾಗೆಯೇ ಇತ್ತಂತೆ; ಕೆಲವರು ಇಂಥ ಆಟ ಇನ್ನೊಂದಿಲ್ಲ ಎಂದು ಹೊಗಳಿದ್ದರೆ, ಕೆಲವರು ಹಳೆಯದರ ಹೆಸರು ಕೆಡಿಸಿದರು ಎಂದು ಬೈದಿದ್ದರು. ದೊಡ್ಡ ಜಗಳ ಒಂದೇ ವಿಷಯಕ್ಕೆ. ಹೊಸದರಲ್ಲಿ ನಾಲ್ವರು ಒಂದೇ ಮನೆಯಲ್ಲಿ ಕೂರಬೇಕಾಗಿರಲಿಲ್ಲ. ಎಲ್ಲಿಂದಲೋ ಯಾರೋ ಇಂಟರ್‌ನೆಟ್ಟಿನಲ್ಲಿ ಒಳಗೆ ಬಂದು ಪಕ್ಕದಲ್ಲಿ ನಿಲ್ಲಬಹುದಿತ್ತು.

"ಗುರುತಿಲ್ದೋರ ಜೊತಿ ಕಾವಲು ಕಾಯೋದೇನೋ?" ಎಂದರು ನಮ್ಮ ಮನೆಯವರು. "ಕಳ್ಳ ಯಾರು, ಕಾವಲುಗಾರ ಯಾರು, ಹೆಂಗೆ ಗೊತ್ತಾಗತೈತೆ?"

ಅವರು ನಗುತ್ತಲೇ ಹೇಳಿದ್ದು. ಆದರೆ ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು.

ವೀಣಾ ಹೊಸ ಆಟ ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟದ್ದು ಎನ್ನಲಿಲ್ಲ. ಆದರೆ ಸ್ವಲ್ಪ ದಿನಕ್ಕೆ ಅವಳೊಬ್ಬಳೇ ಆಡಲು ಶುರು ಮಾಡಿದಳು. ಮಧ್ಯಾಹ್ನ ಮೂರಕ್ಕೆ, ಅತ್ತೆ ಅಡ್ಡಾದ ಮೇಲೆ. ಮೂರಕ್ಕೇ ಯಾಕೆ? ನಾನು ಅಡುಗೆಮನೆಯ ಬಾಗಿಲಿನ ಸಂದಿಯಿಂದ ನೋಡತೊಡಗಿದೆ. ವೀಣಾಳದು ಕೆಂಪು ಕಾವಲುಗಾರ. ಅವಳು ಬಂದ ಗಳಿಗೆಗೆ ಎಲ್ಲಿಂದಲೋ ಒಬ್ಬ ನೀಲಿ ಬರುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ. ಇಬ್ಬರ ನಡುವೆ ಮಾತಿಲ್ಲ, ಬರಹವಿಲ್ಲ. ಆದರೂ ಅವಳು ಎಡಕ್ಕೆ ಹೋದರೆ ಅವನು ಬಲ ಹಿಡಿಯುತ್ತಿದ್ದ — ಹೇಳಿಕೊಂಡು ಬಂದವರ ಹಾಗೆ.

ಮತ್ತೆ ಆ ರೊಟ್ಟಿ. ನೀಲಿಯ ಜೀವ ಹೋಗುವಂತಿದ್ದರೂ ಅವನು ರೊಟ್ಟಿ ಮುಟ್ಟುತ್ತಿರಲಿಲ್ಲ. ಅದರ ಪಕ್ಕ ನಿಂತು, ಬಂದ ಕಳ್ಳರನ್ನು ಹೊಡೆಯುತ್ತಾ, ಕೆಂಪು ಬರುವ ತನಕ ಕಾಯುತ್ತಿದ್ದ. ಅವಳು ತಿಂದ ಮೇಲೆಯೇ ಅಲ್ಲಿಂದ ಕದಲುತ್ತಿದ್ದ. ಇಪ್ಪತ್ತು ವರ್ಷದಿಂದ ಬಡಿಸುತ್ತಾ ಬಂದವಳು ನಾನು. ಗಂಡಸು ತನ್ನ ಪಾಲಿನ ತುತ್ತನ್ನು ಒಬ್ಬ ಹೆಂಗಸಿಗೆ ಬಿಟ್ಟು ನಿಲ್ಲುತ್ತಾನೆಂದರೆ — ಅದು ಬರೀ ಆಟ ಅಲ್ಲ ಎಂದು ತೀರ್ಮಾನಿಸಿದೆ.

ಆಮೇಲೆ ಎಲ್ಲದರಲ್ಲೂ ಗುಟ್ಟು ಕಾಣತೊಡಗಿತು. ಮೂರಕ್ಕೆ ಮೊದಲು ಅವಳು ಮುಖ ತೊಳೆದರೆ ಒಂದು ಅನುಮಾನ, ತೊಳೆಯದಿದ್ದರೆ ಇನ್ನೊಂದು. ಒಂದು ದಿನ ಕೇಳಿಯೇಬಿಟ್ಟೆ: "ಯಾರಮ್ಮ ಆ ನೀಲಿ?"

ಅವಳು ತಲೆ ತಗ್ಗಿಸಿದಳು. "ಯಾರೋ ಹೊರಗಿನವರು ಅಕ್ಕ."

ಆ ತಗ್ಗಿದ ತಲೆಯೇ ನನಗೆ ಸಾಕ್ಷಿಯಾಯಿತು.

ಮುಂದಿನ ಸೋಮವಾರ ಅವಳು ದರ್ಜಿಯ ಹತ್ತಿರ ಹೋಗಿದ್ದಳು. ನಾನು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಟಿವಿ ಹಾಕಿದೆ. ಆಟವನ್ನೂ ಅದರಲ್ಲಿದ್ದ ಕುಮಾರನ ಖಾತೆಯನ್ನೂ ಅಳಿಸಿದೆ. ನಿಜವಾಗಲೂ ಅಳಿಸಬೇಕೇ ಎಂದು ಅದು ಎರಡು ಸಲ ಕೇಳಿತು. ಎರಡು ಸಲವೂ ಹೌದೆಂದೆ. ಸಂಜೆ ನಾನು ಹೇಳಿದ ಕರೆಂಟಿನ ಕತೆ ಕೇಳಿ ನಮ್ಮ ಮನೆಯವರು, "ಹೋದ್ರೆ ಹೋಗಲಿ, ಪೀಡೆ ತೊಲಗ್ತು," ಎಂದರು. ಕುಮಾರ ಮತ್ತೆ ಹಾಕಿಸುತ್ತೇನೆಂದ. ಅದಕ್ಕೂ ದಾರಿ ಮುಚ್ಚಿದೆ. ಅತ್ತೆಯ ಕಾಲೊತ್ತುತ್ತಾ, "ಆ ಹೊಸದ್ರಾಗೆ ಗುರುತು ಪರಿಚಯ ಇಲ್ದ ಗಂಡಸ್ರು ಬರ್ತಾರಂತೆ ಅತ್ತೆ," ಎಂದೆ.

"ಎಲ್ಲಿಗೆ?"

"ಟಿವಿಯಾಗೆ."

ಅತ್ತೆ ಎದ್ದು ಕೂತರು. "ಕುಮಾರಾ, ಸೊಸೇರು ಇರೋ ಮನೆಯಾಗೆ ಆ ಆಟ ಮತ್ತೆ ಕಂಡ್ರೆ ಟಿವಿನೇ ಹೊರಗೆ ಇಡಿಸ್ತೀನಿ, ನೋಡು."

ನಾನು ವೀಣಾಳ ಹೆಸರೆತ್ತಲಿಲ್ಲ. ಅವಳ ಮಾನ ಉಳಿಸಿದೆ ಎಂದುಕೊಂಡೆ. ಆ ಪುಣ್ಯಕ್ಕೆಂದು ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಈಗ ನೆನೆದರೆ — ಆ ದೀಪದ ಮುಂದೆ ನಿಲ್ಲಲು ನನಗೆ ನಾಚಿಕೆಯಾಗುತ್ತದೆ.

ವಾರ ಕಳೆದಿರಬೇಕು. ಹಿತ್ತಲಲ್ಲಿ ಬಟ್ಟೆ ಹಿಂಡುವಾಗ ವೀಣಾ ತಾನಾಗಿಯೇ ಹತ್ತಿರ ಬಂದಳು. "ಅಕ್ಕ, ನಿಮಗೆ ಸುಳ್ಳು ಹೇಳಿದ್ದೆ. ಆ ನೀಲಿ ನಮ್ಮ ಮಂಜ."

ಮಂಜು ಅವಳ ತಮ್ಮ, ಜಗಳೂರಿನಲ್ಲಿರುವವನು. ಅಪ್ಪ ಅವ್ವ ತೀರಿಕೊಂಡ ಅವಳಿಗೆ ತವರೆಂದರೆ ಅವನೊಬ್ಬನೇ. ಎರಡು ವರ್ಷದ ಹಿಂದೆ ನಮ್ಮ ಹೊಸ ಮನೆಯ ಗೃಹಪ್ರವೇಶದಲ್ಲಿ, ಅಕ್ಕನನ್ನು ಕಡೆಯ ಪಂಕ್ತಿಯವರೆಗೂ ಉಪವಾಸ ಯಾಕೆ ನಿಲ್ಲಿಸಿದಿರಿ ಎಂದು ಅವನು ಕೇಳಿದ್ದ. ಅತ್ತೆ ಎರಡು ಮಾತು ಹೆಚ್ಚಿಗೆ ಆಡಿದರು; ಅವನು ಅರ್ಧ ಊಟದಲ್ಲಿ ಎಲೆ ಬಿಟ್ಟು ಎದ್ದ. ಅನ್ನ ಬಿಟ್ಟು ಎದ್ದವನ ಜೊತೆ ಮಾತಿಲ್ಲ, ಫೋನಿಲ್ಲ, ಹೋಗಿ ಬರುವುದಿಲ್ಲ ಎಂದು ಅತ್ತೆ ಕುಮಾರ, ವೀಣಾ ಇಬ್ಬರಿಂದಲೂ ದೇವರ ಮುಂದೆ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದರು. ಎರಡು ಪಂಚಮಿ ಹಬ್ಬಕ್ಕೂ ಅವನು ಅಕ್ಕನನ್ನು ಕರೆಯಲು ಬರಲಿಲ್ಲ. ಬರುವ ಹಾಗಿರಲಿಲ್ಲ.

"ಮೊದಲ್ನೇ ಆಟ ಅವನು ನಮ್ಮನೆಯಾಗೆ ಆಡಿದ್ನಲ್ಲ ಅಕ್ಕ. ಹೊಸದ್ರಾಗೂ ಇವರ ಖಾತೆ ಹೆಸರು ನೋಡಿ ಒಳಗೆ ಬಂದಾನೆ. ನಾನು ಎಡಗಡೆ ಬಾಗಿಲಿಗೇ ಮೊದಲು ಓಡೋದು ನೋಡಿ ಇವಳೇ ಅಂತ ಗುರುತು ಹಿಡಿದಾನೆ. ನಂಗೂ ಗೊತ್ತಾತು. ಚಿಕ್ಕೋರಿದ್ದಾಗ ಅವ್ವ ಉಂಡೆ ಹಂಚಿದ್ರೆ ತನ್ನ ಪಾಲು ತಂದು ನನ್ನ ತಟ್ಟೆಗೆ ಹಾಕ್ತಿದ್ದ. ಹಂಗೇ ರೊಟ್ಟಿ ಬಿಟ್ಕೊಟ್ಟು ನಿಂತಿದ್ದ." ಅವಳು ಒದ್ದೆ ಸೀರೆಯನ್ನು ಮತ್ತೆ ಮತ್ತೆ ಹಿಂಡುತ್ತಿದ್ದಳು. "ಆಣೆ ಮುರಿದಿಲ್ಲ ಅಕ್ಕ. ಒಂದು ಅಕ್ಷರನೂ ಮಾತಾಡಿಲ್ಲ. ನಿಮ್ಮ ಮಾತು ಭಾವ ಕೇಳ್ತಾರೆ, ಅತ್ತೇರಿಗೂ ನೀವಂದ್ರೆ ಆಗತೈತೆ. ಮತ್ತೆ ಹಾಕಿಸ್ರಿ. ಅವನು ಕಾಯ್ತಾ ಇರ್ತಾನೆ."

ಅಲ್ಲಿಯವರೆಗಿನದು ಅನುಮಾನದಿಂದ ಆದ ತಪ್ಪು. ಇನ್ನು ಮುಂದಿನದಕ್ಕೆ ಆ ಹೆಸರೂ ಇಲ್ಲ. ಆಗಲೇ ಹೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಅಳಿಸಿದ್ದು ನಾನೆಂದರೆ ಯಾಕೆಂದೂ ಹೇಳಬೇಕು. ಅವಳನ್ನು ಎಂಥವಳೆಂದು ತಿಳಿದಿದ್ದೆ ಎಂದು ಬಾಯಿಬಿಡಬೇಕು. ಈ ಮನೆಯಲ್ಲಿ ನಾನು ಒಳ್ಳೆಯ ಹಿರಿಸೊಸೆ. ಆ ಹೆಸರು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಹೋಗಿದ್ದು ಹೋತು ಬಿಡು ವೀಣಾ," ಎಂದೆ. "ಅವನೂ ಬಿಟ್ಟಿರ್ತಾನೆ."

ಅವಳು ಮತ್ತೆ ಕೇಳಲಿಲ್ಲ.

ಈ ಸಲ ಹುಣಸೆಹಣ್ಣು ಮಾಡುವಾಗ ನ್ಯಾಮತಿಯಿಂದ ನಮ್ಮ ಮನೆಯವರ ಸೋದರತ್ತೆಯ ಮಗಳು ಸರೋಜಕ್ಕ ಬಂದಳು. ನೀರು ಕುಡಿದು ಲೋಟ ಇಡುತ್ತಲೇ, "ಜಗಳೂರಿಗೆ ಮದುವೆಗೆ ಹೋಗಿದ್ದೆ. ಹುಡುಗಿ ಕಡೆಯೋರು ನಮಗೆ ಆಗಬೇಕು," ಎಂದಳು. ಆಮೇಲೆ ವೀಣಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ಹುಡುಗ ನಿಮ್ಮ ಮಂಜನೇ ಕಣವ್ವ. ನಿಂಗೆ ಗೊತ್ತಿರಲಿಲ್ಲೇನು?"

ವೀಣಾಳ ಕೈ ನಿಲ್ಲಲಿಲ್ಲ. ನಾರು ಬಿಡಿಸುತ್ತಲೇ ಒಂದು ಮಾತು ಕೇಳಿದಳು. "ಕಳಸ ಯಾರು ಹಿಡಿದ್ರು?"

ಮದುಮಗನ ಜೊತೆ ಕಳಸ ಹಿಡಿದು ನಿಲ್ಲಬೇಕಾದವಳು ಒಡಹುಟ್ಟಿದವಳು. ಅದನ್ನು ಎರಡನೆಯ ಸಲ ಹಿಡಿಯಲಾಗುವುದಿಲ್ಲ.

"ಚಿಕ್ಕಪ್ಪನ ಮಗಳು ಹಿಡಿದ್ಲು. ಅಕ್ಕನ್ನ ಕರೀಲಿಲ್ಲೇನೋ ಅಂತ ಹಿರೇರು ಕೇಳಿದ್ರೆ, ಅವಳೇ ಬಿಟ್ಟು ಹೋದ್ಲು, ಮೂರು ತಿಂಗಳು ದಿನಾ ಕಾದೆ, ಬರಲಿಲ್ಲ ಅಂದ್ನಂತೆ. ಎಲ್ಲಿ ಕಾದ್ನೋ ಏನೋ, ಯಾರಿಗೂ ತಿಳೀಲಿಲ್ಲ."

ಸರೋಜಕ್ಕ ಅತ್ತೆಯನ್ನು ಮಾತಾಡಿಸಲು ಒಳಗೆ ಹೋದಳು. ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ವೀಣಾ ತನಗೆ ತಾನೇ, "ಮೂರು ತಿಂಗಳು," ಎಂದಳು.

"ಅದನ್ನ ಅಳಿಸಿದೋಳು ನಾನು," ಎಂದೆ.

ಅವಳು ಕೈಯಲ್ಲಿದ್ದ ನಾರು ಕೆಳಗಿಟ್ಟಳು. "ಯಾಕೆ ಅಕ್ಕ?"

"ಯಾರೋ ಗಂಡಸು ಅಂದ್ಕೊಂಡಿದ್ದೆ."

ಆಟ ಹೋದದ್ದಕ್ಕಿಂತ ಆ ಮಾತು ಅವಳಿಗೆ ಹೆಚ್ಚು ತಾಗಿತು, ಮುಖದಲ್ಲಿ ಕಂಡಿತು. ನನ್ನ ಮೇಲೆ ನನಗೇ ಈಗ ಅನುಮಾನ. ಅದು ಮನೆಯ ಮಾನದ ಚಿಂತೆಯೋ, ಇಲ್ಲಾ ನನಗಾಗಿ ಯಾರೂ ಹಾಗೆ ಒಂದು ತುತ್ತು ಬಿಟ್ಟು ನಿಲ್ಲಲಿಲ್ಲ ಎಂಬ ಹೊಟ್ಟೆಕಿಚ್ಚೋ? ಯಾವುದಾದರೂ ಆಗಲಿ. ಅವಳ ನಷ್ಟ ಅದರಿಂದ ಕಡಿಮೆಯಾಗುವುದಿಲ್ಲ.

ಅವಳು ಎದ್ದಳು. "ಅತ್ತೇರಿಗೆ ನೀವೇ ಹೇಳ್ರಿ," ಎಂದಳು. "ನಿಮ್ಮ ಮನೆಯವರಿಗೂ ಹೇಳ್ರಿ. ಮಂಜನಿಗೆ ಫೋನ್ ಮಾಡಿ ಹೇಳೋರೂ ನೀವೇ. ನನಗೆ ಆಣೆ ಐತೆ, ನಿಮಗಿಲ್ಲ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸರೋಜಕ್ಕ ಸಂಜೆಯ ಬಸ್ಸಿಗೆ ಹೋದ ಮೇಲೆ ಅತ್ತೆಯ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಅತ್ತೆಯ ಜಪಮಣಿ ಕೈಯಲ್ಲೇ ನಿಂತಿತು. ನಮ್ಮ ಮನೆಯವರು ಅಂಗಡಿಯಿಂದ ಬಂದ ಮೇಲೆ ಅವರಿಗೂ ಹೇಳಬೇಕು. ಕುಮಾರನ ಹಳೆಯ ಪುಸ್ತಕದಿಂದ ಮಂಜನ ನಂಬರು ಬರೆದುಕೊಂಡು ಫೋನು ಮಾಡಿದೆ. ಗಂಟೆ ಪೂರ್ತಿ ಆಗಿ ನಿಂತಿತು. ಅವನು ಎತ್ತಲಿಲ್ಲ. ನಾಳೆಯೂ ಮಾಡುತ್ತೇನೆ, ನಾಡಿದ್ದೂ ಮಾಡುತ್ತೇನೆ. ಎತ್ತಿದ ದಿನ ಏನು ಬೈದರೂ ಕೇಳಿಕೊಳ್ಳುತ್ತೇನೆ.

ಫೋನನ್ನು ಕಿಟಕಿಯ ಮೇಲಿಟ್ಟು ಅಡುಗೆಮನೆಗೆ ಹೋದೆ. ಸಿಂಕಿನಲ್ಲಿ ಮಧ್ಯಾಹ್ನದ ಪಾತ್ರೆ ಹಾಗೇ ಬಿದ್ದಿದ್ದವು. ಸೆರಗು ಸಿಕ್ಕಿಸಿಕೊಂಡು ತಿಕ್ಕಲು ನಿಂತೆ.