ಮಹಡಿ ಮನೆಯ ಹುಣಸೆ ಬೀಜ

ನಾನು ಚೆನ್ನೈಗೆ ಬಂದದ್ದು ಹವಾಮಾನ ಬದಲಾವಣೆಯ ಬಗ್ಗೆ ಪಾಠ ಬರೆಯುವುದಕ್ಕೆ. ಅದಕ್ಕೆ ಮುಂಚೆ ಮೈಸೂರಿನ ಒಂದು ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಅಮ್ಮ ಓಡಾಡಿದ ಮನೆಯಲ್ಲಿ ಒಬ್ಬಳೇ ಇರುವುದಕ್ಕಿಂತ ಗುರುತು ಪರಿಚಯವಿಲ್ಲದ ಊರಿನಲ್ಲಿ ಒಬ್ಬಳೇ ಇರುವುದು ವಾಸಿ ಅನ್ನಿಸಿತು. ನೆರೆ, ಚಂಡಮಾರುತ ಬಂದಾಗ ಜನರಿಗೆ ನೆರವಾಗುವ ಸಂಸ್ಥೆಯೊಂದು ತನ್ನ ಸಿಬ್ಬಂದಿಗೆ ತರಬೇತಿ ಸಿದ್ಧಪಡಿಸುವವರು ಬೇಕೆಂದು ಕರೆದಿತ್ತು. ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು. ಪೆರುಂಗುಡಿಯಲ್ಲಿ, ಐಟಿ ಕಟ್ಟಡಗಳ ಬೆನ್ನಿಗಿರುವ ಓಣಿಯಲ್ಲಿ ಕಚೇರಿ. ಅದೇ ಓಣಿಯ ಒಂದು ಮನೆಯ ಮಹಡಿಯ ಮೇಲೆ ನನ್ನ ಬಿಡಾರ.

ಕೆಳಗಡೆ ಮನೆಯ ಒಡತಿ ಇದ್ದರು. ಎಪ್ಪತ್ತು ದಾಟಿದವರು, ಗಂಡ ಹೋಗಿ ಬಹಳ ಕಾಲವಾಗಿತ್ತು. ಅಜ್ಜನ ಕಾಲದಿಂದ ಮದರಾಸಿನಲ್ಲಿ ನೆಲೆಸಿದ ವೈಷ್ಣವ ಮನೆತನ. ಮನೆಮಾತು ಕನ್ನಡವೇ, ಆದರೆ ಅದರಲ್ಲಿ ತಮಿಳು ಎಷ್ಟು ಬೆರೆತಿತ್ತೆಂದರೆ ಅವರು ಆಡುತ್ತಿರುವುದು ಕನ್ನಡ ಎಂದು ಹೊಳೆಯಲು ನನಗೆ ಮೊದಲ ದಿನ ಸ್ವಲ್ಪ ಹೊತ್ತು ಹಿಡಿಯಿತು. ಓಣಿಯವರೆಲ್ಲ ಅವರನ್ನು ಮಾಮಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಕನ್ನಡದವಳು ಬಂದಳೆಂದು ಅವರಿಗೆ ಖುಷಿ. ಹುಳಿ, ಗೊಜ್ಜು ಎಂದು ಏನಾದರೂ ಕಳಿಸುತ್ತಿದ್ದರು. ನಾನು ಪಾತ್ರೆ ತೊಳೆದು ಕೊಟ್ಟು, ಕೆಲಸವಿದೆ ಎಂದು ಹೇಳಿ ಮೆಟ್ಟಿಲು ಹತ್ತಿಬಿಡುತ್ತಿದ್ದೆ. ಯಾರಾದರೂ ಅಯ್ಯೋ ಪಾಪ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಮ್ಮ ಹೋದಾಗ ಬಂದವರೆಲ್ಲ, ಇನ್ನು ಒಬ್ಬಳೇ ಹೇಗಿರುತ್ತೀಯ ಎಂದು ಕೇಳಿ ಕೇಳಿ ನನ್ನ ತಲೆ ತಿಂದಿದ್ದರು. ಆ ಮಾತು ಇನ್ನೊಬ್ಬರ ಬಾಯಿಂದ ಬರುವುದು ನನಗೆ ಬೇಕಿರಲಿಲ್ಲ. ಬರಬರುತ್ತಾ ಮಾಮಿಯೂ ನನ್ನನ್ನು ಕಂಡಾಗ, ಏನಮ್ಮಾ, ಸಾಪಾಟು ಆಯ್ತಾ ಎಂದು ಕೇಳಿ ಸುಮ್ಮನಾಗುತ್ತಿದ್ದರು.

ದೆಹಲಿಯ ಮುಖ್ಯ ಕಚೇರಿಯಿಂದ ಬಂದ ಮಾದರಿ ಪಾಠದಲ್ಲಿ ಒಂದು ಹಿಮಕರಡಿ ಇತ್ತು. ಕರಗುತ್ತಿರುವ ಮಂಜಿನ ತುಂಡಿನ ಮೇಲೆ ದಿಕ್ಕೆಟ್ಟು ನಿಂತಿತ್ತು. ಎಣ್ಣೂರಿನ ಮೀನುಗಾರರ ಕೇರಿಗಳಲ್ಲಿ ಓಡಾಡುವ ನಮ್ಮ ಸಿಬ್ಬಂದಿಗೆ ಆ ಕರಡಿಯನ್ನು ಕಟ್ಟಿಕೊಂಡು ಏನಾಗಬೇಕು? ಅದನ್ನು ಮೊದಲು ಕಿತ್ತುಹಾಕಿದೆ. ಅವರು ಕಂಡದ್ದನ್ನೇ ಬರೆದೆ: ಮೊಣಕಾಲುದ್ದ ನೀರು ನಿಂತ ಬೀದಿ, ಬಿಸಿಲಿಗೆ ಕಾದ ತಗಡಿನ ಮಾಡು, ಕರೆಂಟು ಹೋದ ಮಧ್ಯಾಹ್ನ. ದೋಣಿ ತರಿಸುವುದು, ಅಕ್ಕಿ ಹಂಚುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಬಿಸಿಲನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಚೆನ್ನೈಯವರಿಗೆ ಬಿಸಿಲೇನು ಹೊಸದೇ ಎಂದು ನಗುತ್ತಿದ್ದರು. ನೆರೆ ಬಂದರೆ ಎಲ್ಲರಿಗೂ ಕಾಣುತ್ತದೆ. ಬಿಸಿಲಿನ ಝಳಕ್ಕೆ ಬಿದ್ದವರು ಮುಚ್ಚಿದ ಬಾಗಿಲ ಹಿಂದೆ ಬಿದ್ದಿರುತ್ತಾರೆ. ಅದಕ್ಕೇ ಆ ಪಾಠವನ್ನು ಹೆಚ್ಚು ಮುತುವರ್ಜಿಯಿಂದ ಬರೆದೆ. ವಯಸ್ಸಾದವರು, ಒಂಟಿಯಾಗಿರುವವರು ಎಲ್ಲಿದ್ದಾರೆಂದು ತಿಳಿದುಕೊಂಡು ಅವರ ಬಾಗಿಲನ್ನು ಮೊದಲು ತಟ್ಟಬೇಕು ಎಂಬುದು ಅದರ ತಿರುಳಾಗಿತ್ತು.

ಆ ಪಾಠ ಬರೆಯುತ್ತಿದ್ದಾಗಲೇ, ಮೇ ತಿಂಗಳ ಒಂದು ಭಾನುವಾರ, ನಾನೇ ಬಿದ್ದೆ. ಕರೆಂಟು ಹೋಗಿತ್ತು. ನೇರ ಬಿಸಿಲು ಬೀಳುವ ತಾರಸಿಯ ಕೆಳಗಿನ ಮನೆ, ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ತಲೆ ಸಿಡಿಯತೊಡಗಿತು, ವಾಕರಿಕೆ ಬಂತು. ಸ್ವಲ್ಪ ಹೊತ್ತಿಗೆ ಮುಂಚೆ ಅಪಾಯದ ಲಕ್ಷಣಗಳೆಂದು ನಾನೇ ಟೈಪ್ ಮಾಡಿದ್ದವು ಅವು. ನೀರು ತರಲು ಎದ್ದವಳು ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದೆ. ಎಚ್ಚರವಾದಾಗ ಕೆನ್ನೆ ನೆಲಕ್ಕೆ ಅಂಟಿಕೊಂಡಿತ್ತು. ಕೆಳಗೆ ಮಾಮಿ ಹೂವಿನವಳ ಹತ್ತಿರ ಚೌಕಾಸಿ ಮಾಡುವುದು ಕೇಳಿಸುತ್ತಿತ್ತು. ಕೂಗಬಹುದಿತ್ತು, ಕೂಗಲಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡೆ. ಸಂಜೆಯೆಲ್ಲ ಒಂದೇ ಯೋಚನೆ. ನಾನು ಏಳದೇ ಹೋಗಿದ್ದರೆ ಅದು ಯಾರಿಗೆ, ಯಾವಾಗ ಗೊತ್ತಾಗುತ್ತಿತ್ತು? ಕಚೇರಿಯವರು ರಜೆ ಹಾಕಿದ್ದಾಳೆ ಅಂದುಕೊಳ್ಳುತ್ತಿದ್ದರು. ಮಾಮಿಗೆ ನನ್ನ ಬಾಗಿಲು ಮುಚ್ಚಿರುವುದೇ ರೂಢಿ. ಕೇಳುವವರಿಲ್ಲದೆ ಹಾಗೇ ಬಿದ್ದಿರುವುದನ್ನು ನೆನೆದು ಭಯವಾಯಿತು, ಅಳುವೂ ಬಂತು. ಯಾರಿಗೂ ಹೇಳಲಿಲ್ಲ.

ಪಾಠ ಸಿದ್ಧವಾದ ಮೇಲೆ ಅದನ್ನು ಎಲ್ಲರ ಫೋನಿಗೆ ಹಾಕಿಬಿಡಿ, ಬಿಡುವಾದಾಗ ನೋಡಿಕೊಳ್ಳುತ್ತಾರೆ ಎಂದರು ದೆಹಲಿಯವರು. ಎಣ್ಣೂರಿನ ಕೆಲಸ ನೋಡಿಕೊಳ್ಳುವ ನಮ್ಮ ಸಂಯೋಜಕಿ, ನನಗಿಂತ ಬಹಳ ಚಿಕ್ಕವಳು, ಒಪ್ಪಲಿಲ್ಲ. ಫೋನಿನಲ್ಲಾದರೆ ಬಸ್ಸಿನಲ್ಲಿ ಕೂತು ಬೆರಳಾಡಿಸಿ ಮುಗಿಸುತ್ತಾರೆ, ನೆಲದ ಮೇಲೆ ಒಟ್ಟಿಗೆ ಕೂರಿಸಿ ಮಾಡಿಸೋಣ ಎಂದು ಹಟ ಹಿಡಿದಳು. ಅವಳ ಕಡೆ ಒಂದು ಪದ್ಧತಿಯಿತ್ತು. ಕೇರಿಯ ನಕಾಶೆಯನ್ನು ಕೋಲದ ಪುಡಿಯಲ್ಲಿ, ಅಂದರೆ ನಮ್ಮ ರಂಗೋಲಿ ಪುಡಿಯಲ್ಲಿ, ನೆಲದ ಮೇಲೆ ಬರೆಯುವುದು. ಆಪತ್ತು ಬಂದಾಗ ಯಾವ ಮನೆಗೆ ಮೊದಲು ಓಡಬೇಕೋ ಅದರ ಮೇಲೆ ಒಂದು ಹುಣಸೆ ಬೀಜ ಇಡುವುದು. ಬೀಜ ಇಡಬೇಕಾದವರು ಆ ಕೇರಿಯವರೇ. ಅವರು ಇಟ್ಟದ್ದನ್ನು ಸಿಬ್ಬಂದಿ ತೆಗೆಯುವ ಹಾಗಿಲ್ಲ. ನನಗೆ ಅದು ಹಿಡಿಸಿತು. ನಿಯಮವನ್ನು ದಪ್ಪ ಅಕ್ಷರದಲ್ಲಿ ಪಾಠಕ್ಕೆ ಸೇರಿಸಿದೆ.

ಮೊದಲ ಪ್ರಯೋಗ ನಮ್ಮ ಓಣಿಯದೇ ಆಗಲಿ ಎಂದುಕೊಂಡೆವು. ಕಚೇರಿಯ ಹಜಾರದಲ್ಲಿ ಸಿಬ್ಬಂದಿಯೆಲ್ಲ ಸುತ್ತ ಕೂತರು. ಓಣಿಯಿಂದ ಮಾಮಿಯನ್ನೂ ಅಕ್ಕಪಕ್ಕದ ಮನೆಯವರನ್ನೂ ಕರೆದಿದ್ದೆವು. ಬಿಸಿಲಿಗೆ ಬಿದ್ದವರಿಗೆ ಏನು ಮಾಡಬೇಕೆಂದು ಮೊದಲು ತೋರಿಸಿದೆವು: ನೆರಳಿಗೆ ತರುವುದು, ತಲೆಗೆ ಕುತ್ತಿಗೆಗೆ ಒದ್ದೆ ಬಟ್ಟೆ ಹಾಕುವುದು, ಎಚ್ಚರವಿದ್ದರೆ ನೀರು ಕುಡಿಸುವುದು. ಮಾಮಿ ಪರೀಕ್ಷೆಗೆ ಕೂತವರಂತೆ ಗಮನವಿಟ್ಟು ಕೇಳಿದರು. ಆಮೇಲೆ ನಕಾಶೆ. ನಾನು ನನ್ನ ಮುರುಕು ತಮಿಳಿನಲ್ಲಿ ವಿವರಿಸುತ್ತಾ, ಉದಾಹರಣೆ ತೋರಿಸುವ ಅವಸರದಲ್ಲಿ ಮೊದಲ ಬೀಜವನ್ನು ನಾನೇ ಮಾಮಿಯ ಮನೆಯ ಮೇಲೆ ಇಟ್ಟುಬಿಟ್ಟೆ. ವಯಸ್ಸಾದವರು, ಒಂಟಿ ಜೀವ, ಇನ್ನೇನು ಬೇಕು?

ಮಾಮಿ ಬಗ್ಗಿ ಆ ಬೀಜವನ್ನು ತೆಗೆದುಕೊಂಡರು. ಅವರ ಮನೆಗೆ ಅಂಟಿಸಿ ಬರೆದಿದ್ದ ಚಿಕ್ಕ ಚೌಕದ ಮೇಲೆ ಇಟ್ಟರು. ಅದು ಮಹಡಿ ಮನೆ, ನನ್ನದು.

"ನನಗೆ ಯಾಕಮ್ಮಾ ಇದು? ಕಾಲೈಲೆ ಪಾಲ್ಕಾರ ಬರ್ತಾನೆ, ಆಮೇಲೆ ಪೂಕಾರಿ ಬರ್ತಾಳೆ. ಒಂದು ನಾಳ್ ನಾನು ವಾಸಲ್‌ಗೆ ಕೋಲ ಹಾಕಿಲ್ಲಾಂದ್ರೆ ಪಕ್ಕದ್ಮನೆಯವರೆಲ್ಲ ಬಂದು ಕದ ತಟ್ತಾರೆ. ನಿನ್ನ ವಾಸಲ್‌ನಲ್ಲಿ ಎಂದಾದ್ರೂ ಕೋಲ ಇದ್ರೆ ತಾನೇ, ಇವತ್ತು ಇಲ್ಲ ಅಂತ ನಮಗೆ ಗೊತ್ತಾಗೋದು?"

ಬೆಳಗಿನ ಹಾಲಿನವನು, ಹೂವಿನವಳು, ಬಾಗಿಲ ಮುಂದಿನ ಕೋಲ: ಕನ್ನಡ ಬಾರದ ಸಿಬ್ಬಂದಿಗೂ ಅಷ್ಟು ಅರ್ಥವಾಯಿತು. ಎಲ್ಲರೂ ನನ್ನನ್ನೇ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಬೀಜ ತೆಗೆಯಲು ಕೈ ಚಾಚಿದೆ. ಸಂಯೋಜಕಿ ಮೆಲ್ಲಗೆ, ಮೇಡಂ, ಅವರು ಇಟ್ಟದ್ದನ್ನು ನಾವು ತೆಗೆಯುವ ಹಾಗಿಲ್ಲವಲ್ಲ ಎಂದಳು. ಕೈ ಹಿಂದಕ್ಕೆ ತೆಗೆದುಕೊಂಡೆ. ಉಳಿದ ತರಬೇತಿ ಹೇಗೆ ಮುಗಿಸಿದೆನೋ ನೆನಪಿಲ್ಲ, ನನ್ನ ಕಣ್ಣೆಲ್ಲ ಆ ಬೀಜದ ಮೇಲೇ ಇತ್ತು.

ನಮ್ಮ ಕಡೆಯೂ ಅಷ್ಟೇ, ಇಲ್ಲಿಯೂ ಅಷ್ಟೇ. ಬಾಗಿಲಿಗೆ ರಂಗೋಲಿ ನಿಲ್ಲಿಸುವುದು ಮನೆಯಲ್ಲಿ ಸಾವಾದಾಗ. ಅಮ್ಮ ಹೋದಾಗ ನಾನೂ ನಿಲ್ಲಿಸಿದ್ದೆ. ಸೂತಕ ಕಳೆದ ಮೇಲೆ ಮತ್ತೆ ಹಾಕಬೇಕಿತ್ತು. ಒಬ್ಬಳಿಗೆ ಯಾಕೆ ರಂಗೋಲಿ ಎಂದು ಬಿಟ್ಟೆ, ಅದು ಹಾಗೇ ಬಿಟ್ಟುಹೋಯಿತು. ಮನೆ ಬದಲಾಯಿತು, ಊರು ಬದಲಾಯಿತು, ನನ್ನ ಬಾಗಿಲು ಮಾತ್ರ ಇಷ್ಟು ಕಾಲವೂ ಸಾವಿನ ಮನೆಯ ಬಾಗಿಲಾಗಿಯೇ ಇತ್ತು.

ಪಾಠವನ್ನು ತಿದ್ದಿದೆ. ಯಾರು ಒಂಟಿಯಾಗಿದ್ದಾರೆ ಎಂಬ ಪ್ರಶ್ನೆಯನ್ನು ಹೊಡೆದುಹಾಕಿ, ಈ ಬಾಗಿಲು ತೆರೆಯದಿದ್ದರೆ ಯಾರು ಬಂದು ಕೇಳುತ್ತಾರೆ ಎಂದು ಬರೆದೆ. ದೆಹಲಿಯವರು ಕಾರಣ ಕೇಳಿದರು. ಪ್ರಯೋಗದಲ್ಲಿ ಕಂಡುಕೊಂಡದ್ದು ಎಂದು ಉತ್ತರಿಸಿದೆ, ಯಾರ ಮನೆಯ ವಿಷಯ ಎಂದು ಹೇಳಲಿಲ್ಲ. ಅವರು ಒಪ್ಪಿದರು. ಫೋನಿನ ಪಾಠವೂ ಇರಲಿ, ನೆಲದ ಮೇಲಿನದೂ ಇರಲಿ ಎಂದಾಯಿತು.

ಒಂದು ಪೊಟ್ಟಣ ಕೋಲದ ಪುಡಿ ತಂದೆ. ನನ್ನ ಮನೆಗೆ ಹೊರಗಿನಿಂದಲೇ ಮೆಟ್ಟಿಲು, ಅದರ ಬುಡವೇ ನನ್ನ ವಾಸಲ್. ಬೆಳಿಗ್ಗೆ ಅಲ್ಲಿ ನೀರು ಹಾಕಿ ಗುಡಿಸಿ ಚುಕ್ಕಿ ಇಟ್ಟೆ. ಕೈಗೆ ಎಲ್ಲ ಮರೆತುಹೋಗಿತ್ತು, ಎಳೆಗಳು ಸೊಟ್ಟಸೊಟ್ಟ ಬಂದವು. ಮಾಮಿ ತಮ್ಮ ಕೋಲ ಮುಗಿಸಿ ನನ್ನದನ್ನು ನೋಡಿ ಒಳಗೆ ಹೋದರು. ದಿನವೂ ಹಾಕಿದೆ. ಹಾಗಂತ ಏನೂ ಬದಲಾಗಲಿಲ್ಲ. ಕಚೇರಿ, ಮನೆ, ಒಬ್ಬಳಿಗೆ ಒಂದು ಹಿಡಿ ಅಕ್ಕಿ, ಯಾರೊಂದಿಗೂ ಮಾತಿಲ್ಲದ ಭಾನುವಾರಗಳು. ನನ್ನೊಳಗೆ ಸಂಶಯ ಹುಟ್ಟಿತು. ನಿಜವಾಗಿ ಯಾರಾದರೂ ಬರುತ್ತಾರೆಯೇ, ಅಥವಾ ಇದೆಲ್ಲ ಪಾಠದಲ್ಲಿ ಬರೆಯಲು ಚೆನ್ನಾಗಿರುವ ಮಾತೇ?

ಹೀಗೆ ಒಂದು ಭಾನುವಾರ ಬೇಕೆಂದೇ ಕೋಲ ಹಾಕಲಿಲ್ಲ. ಬಾಗಿಲು ಮುಚ್ಚಿ, ಅದರ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತೆ. ಹಾಲಿನವನ ಗಾಡಿ ಬಂದು ಹೋಯಿತು. ಹೂವಿನವಳು ಕೂಗಿ ಹೋದಳು. ಬಿಸಿಲು ಕಿಟಕಿಯಿಂದ ಇಳಿದು ನನ್ನ ಪಾದದ ತನಕ ಬಂತು. ಯಾರೂ ಬರಲಿಲ್ಲ. ಇಷ್ಟು ವಯಸ್ಸಾಗಿ ಹೀಗೆ ಕೂತಿದ್ದೀಯಲ್ಲ ಎಂದು ನನ್ನನ್ನೇ ಬೈದುಕೊಂಡೆ, ಆದರೂ ಏಳಲಿಲ್ಲ. ಯಾರೂ ಬರದಿದ್ದರೆ ಈ ಊರನ್ನೇ ಬಿಟ್ಟುಹೋಗುವುದು ಎಂದುಕೊಂಡೆ.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ, ನಿಲ್ಲುವುದು, ಉಸಿರೆಳೆದುಕೊಳ್ಳುವುದು, ಮತ್ತೊಂದು ಹೆಜ್ಜೆ. ಬಹಳ ಹೊತ್ತು ಹಿಡಿಯಿತು. ಕದ ತಟ್ಟಿದ ಶಬ್ದವಾಯಿತು.

ತೆರೆದೆ. ಮಾಮಿ ಒಂದು ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದರು. ಕಂಕುಳಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ತೊಟ್ಟಿಕ್ಕುತ್ತಿರುವ ಒದ್ದೆ ಟವಲು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಕೋಲ ಹಾಕಲು ಮರೆತುಹೋಯಿತು ಎಂದೆ. ಅವರು ನನ್ನ ಹಿಂದೆ, ಬಾಗಿಲಿಗೆ ಮುಖ ಮಾಡಿ ಹಾಕಿದ್ದ ಕುರ್ಚಿಯನ್ನು ನೋಡಿದರು. ಒಳಗೆ ಬಂದು ಅದರ ಮೇಲೆಯೇ ಕೂತು, ಮೊಣಕಾಲು ನೀವಿಕೊಂಡರು.

"ಯಾರಾದ್ರೂ ಬೇಕೂಂತ ಇದ್ರೆ ನೀನೇ ಇಳಿದು ಬಾ ಮಾ. ನನ್ನ ಮಂಡಿಗೆ ಈ ಮೆಟ್ಲು ರೊಂಬ ಕಷ್ಟ."

ನನಗೆ ತಡೆಯಲಾಗಲಿಲ್ಲ. ಅವರ ಕಾಲ ಬಳಿ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಮಾಮಿ ಒದ್ದೆ ಟವಲನ್ನು ಬಿಡಿಸಿ ನನ್ನ ತಲೆಯ ಮೇಲೆ ಹಾಕಿ, ಕುತ್ತಿಗೆಯವರೆಗೆ ಇಳಿಬಿಟ್ಟರು, ಪಾಠದಲ್ಲಿ ಹೇಳಿಕೊಟ್ಟಿದ್ದ ಹಾಗೆಯೇ.